ಮತ್ತೆ ಕುದಿಸಿದ ಸೂಪ್

ಆರನೇ ತರಗತಿಯ ಓದುಗಳೊಬ್ಬಳು ಪತ್ರ ಬರೆದಿದ್ದಾಳೆ. "ಅಜ್ಜಿ, ಹೋಟೆಲಿನಲ್ಲಿ ಊಟಕ್ಕೆ ಮೊದಲು ಚಿಕ್ಕ ಬಟ್ಟಲಿನಲ್ಲಿ ಸೂಪ್ ಕೊಡುತ್ತಾರೆ. ಅದನ್ನು ಕುಡಿದ ಮೇಲೆ ನನಗೆ ಹಸಿವು ಇನ್ನೂ ಜಾಸ್ತಿ ಆಗುತ್ತದೆ. ಆದರೆ ಯುರೋಪಿನ ಕಥೆಗಳಲ್ಲಿ ಬಡ ರೈತರು ದಿನವಿಡೀ ದುಡಿದು ಬಂದು ಬರೀ ಸೂಪ್ ಕುಡಿದು ಮಲಗುತ್ತಾರಲ್ಲ, ಅವರಿಗೆ ಹೊಟ್ಟೆ ತುಂಬುತ್ತಿತ್ತಾ?"

ಎಂಥ ಜಾಣ ಪ್ರಶ್ನೆ! ತುಂಬುತ್ತಿತ್ತು ಮಗೂ. ಅವರು ಸೂಪನ್ನು ಕುಡಿಯುತ್ತಿರಲಿಲ್ಲ, ತಿನ್ನುತ್ತಿದ್ದರು. ನಿನ್ನ ಹೋಟೆಲಿನ ಸೂಪು ನಮ್ಮ ತಿಳಿಸಾರಿನ ತಮ್ಮ. ರೈತರ ಸೂಪು ಬಿಸಿಬೇಳೆಬಾತಿನ ಹಾಗೆ ಗಟ್ಟಿ. ಅದರಲ್ಲಿ ಕಾಳು, ಸೊಪ್ಪು, ಗೆಡ್ಡೆ ಎಲ್ಲ ಇರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬ್ರೆಡ್ ಇರುತ್ತಿತ್ತು, ಅದೂ ಒಣಗಿ ಕಲ್ಲಾದ ಹಳೇ ಬ್ರೆಡ್.

ಸೂಪ್ ಎಂಬ ಹೆಸರು ಬಂದದ್ದೇ ಆ ಬ್ರೆಡ್ಡಿನಿಂದ. ಹಿಂದೆ ಯುರೋಪಿನಲ್ಲಿ ಬಟ್ಟಲಿನ ತಳಕ್ಕೆ ಒಣ ಬ್ರೆಡ್ಡಿನ ತುಂಡು ಹಾಕಿ, ಮೇಲೆ ಬಿಸಿ ಸಾರು ಸುರಿಯುತ್ತಿದ್ದರು. ಹಾಗೆ ನೆನೆದ ತುಂಡಿಗೆ ಇದ್ದ ಹೆಸರು ಮೆಲ್ಲಮೆಲ್ಲಗೆ ಮೇಲಿನ ಸಾರಿಗೆ ಅಂಟಿಕೊಂಡಿತು. ಇಂಗ್ಲಿಷಿನಲ್ಲಿ ರಾತ್ರಿಯೂಟಕ್ಕೆ ಸಪ್ಪರ್ ಅನ್ನುತ್ತೀರಲ್ಲ, ಅದೂ ಇದೇ ಬಳ್ಳಿಯ ಕಾಯಿ. ಇಟಲಿಯವರ ಮಾತಿನಲ್ಲಿ ಸೂಪಿಗೆ 'ಝುಪ್ಪಾ' ಎಂದು ಹೆಸರು. 'ಝುಪ್ಪಾ ಅಲ್ಲದಿದ್ದರೆ ನೆನೆದ ಬ್ರೆಡ್' ಎಂದು ಅವರಲ್ಲೊಂದು ಗಾದೆಯೂ ಇದೆ. ಹೆಸರು ಬೇರೆಯಾದರೂ ವಸ್ತು ಒಂದೇ ಎಂದು ಹೇಳಬೇಕಾದಾಗ ಅದನ್ನು ಬಳಸುತ್ತಾರೆ.

ಇಂಥ ಸೂಪುಗಳು ಯುರೋಪಿನ ಉದ್ದಗಲಕ್ಕೂ ಇವೆ. ಸ್ವೀಡನ್ನಿನಲ್ಲಿ ಗುರುವಾರ ಬಂತೆಂದರೆ ಹಳದಿ ಬಟಾಣಿಯ ಸೂಪು, ಅದರ ಹಿಂದೆ ಸಿಹಿ ದೋಸೆಯಂಥ ಪ್ಯಾನ್‌ಕೇಕ್. ಪೋರ್ಚುಗಲ್ಲಿನಲ್ಲಿ ಆಲೂಗೆಡ್ಡೆಯನ್ನು ಬೇಯಿಸಿ ಮಸೆದು, ಕೋಸಿನ ಎಲೆಯನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಪೋಲೆಂಡಿನವರು ರೈ ಎಂಬ ಧಾನ್ಯದ ಹಿಟ್ಟನ್ನು ನೀರಿನಲ್ಲಿ ಕಲಸಿ ನಾಲ್ಕೈದು ದಿನ ಹುಳಿ ಬರಿಸಿ ಸೂಪು ಕಾಯಿಸುತ್ತಾರೆ. ಹುಳಿ ಅಂಬಲಿ ಕುಡಿದು ಬೆಳೆದ ಅಜ್ಜಂದಿರಿಗೆ ಅದು ಹಿಡಿಸಬಹುದು. ನಾನು ಇವತ್ತು ಹೇಳುವುದು ಇಟಲಿಯ ಟಸ್ಕನಿ ಸೀಮೆಯ ಒಂದು ಸೂಪಿನ ವಿಷಯ. ಅದರ ಹೆಸರು ರಿಬೊಲ್ಲಿತಾ. ಹಾಗೆಂದರೆ 'ಮತ್ತೆ ಕುದಿಸಿದ್ದು' ಎಂದರ್ಥ.

ಮಗಳು ಕೆಲಸದ ಮೇಲೆ ಟಸ್ಕನಿಯ ಫ್ಲಾರೆನ್ಸ್ ಊರಿನಲ್ಲಿದ್ದಾಗ ಒಂದು ಚಳಿಗಾಲ ಮೂರು ತಿಂಗಳು ನಾನೂ ಅಲ್ಲಿದ್ದೆ. ಅವಳ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬರು ಮುದುಕಿ ಒಂಟಿಯಾಗಿದ್ದರು. ನನ್ನ ಮೊಮ್ಮಗ ಅವರನ್ನು 'ನೊನ್ನಾ' ಎಂದು ಕರೆಯುತ್ತಿದ್ದ. ಅವರ ಭಾಷೆಯಲ್ಲಿ ನೊನ್ನಾ ಎಂದರೆ ಅಜ್ಜಿ. ನನಗೆ ಇಟಾಲಿಯನ್ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ಒಂಬತ್ತು ವರ್ಷದ ಮೊಮ್ಮಗ ದುಭಾಷಿ. ಅವನಿಗೆ ಬೇಸರವಾದಾಗ ನಮ್ಮಿಬ್ಬರ ಮಾತೂ ನಿಲ್ಲುತ್ತಿತ್ತು, ಅಡಿಗೆ ಮಾತ್ರ ಮುಂದುವರಿಯುತ್ತಿತ್ತು.

ಆಕೆ ಬ್ರೆಡ್ ಕೊಯ್ಯುವ ರೀತಿ ನೋಡಬೇಕಿತ್ತು. ದೊಡ್ಡ ದುಂಡನೆಯ ಬ್ರೆಡ್ಡನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು, ಚಾಕುವನ್ನು ತಮ್ಮ ಕಡೆಗೇ ಎಳೆದು ಕೊಯ್ಯುತ್ತಿದ್ದರು. ನನಗೆ ಜೀವ ಬಾಯಿಗೆ ಬರುತ್ತಿತ್ತು. (ಮಕ್ಕಳೇ, ನೀವು ಖಂಡಿತ ಹಾಗೆ ಮಾಡಬೇಡಿ!) ಬ್ರೆಡ್ ಮೇಜಿನ ಮೇಲೆ ತಲೆಕೆಳಗಾಗಿ ಇರಬಾರದು, ಅದು ಅಪಶಕುನ. ತುಂಡು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡಬೇಕು. ಅನ್ನದ ಅಗುಳು ತುಳಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ದಿನ ತಿಂದಾಗ ನನಗೆ ಸಪ್ಪೆ ಎನಿಸಿತು. ಕಾಳಿನ ರಸದ ಜೊತೆ ತಿಂದ ಮೇಲೆ ಅದರ ಮರ್ಮ ಗೊತ್ತಾಯಿತು. ನಮ್ಮ ಮುದ್ದೆಗೂ ಉಪ್ಪಿಲ್ಲ, ಸಾರಿಗೆ ಇದೆಯಲ್ಲ, ಹಾಗೆ. ಹಳ್ಳಿಮನೆಗಳಲ್ಲಿ ಸೌದೆ ಒಲೆ ಹೊತ್ತಿಸಿ ವಾರಕ್ಕೊಮ್ಮೆ ಮಾತ್ರ ಬ್ರೆಡ್ ಸುಡುತ್ತಿದ್ದರು. 'ಮಾದಿಯಾ' ಎಂಬ ಮರದ ಪೆಟ್ಟಿಗೆಯಲ್ಲಿ ಹಿಟ್ಟು ನಾದಿ, ಸುಟ್ಟ ಬ್ರೆಡ್ಡನ್ನೂ ಅದರಲ್ಲೇ ಇಡುತ್ತಿದ್ದರು. ಐದಾರನೆಯ ದಿನಕ್ಕೆ ಅದು ಹಲ್ಲಿಗೆ ಜಗ್ಗುತ್ತಿರಲಿಲ್ಲ. ಹಾಗೆಂದು ಎಸೆಯುವಂತೆಯೂ ಇರಲಿಲ್ಲ. ಅದಕ್ಕೆ ಕಾರಣವನ್ನು ನೊನ್ನಾ ಹೇಳಿದರು.

ಅವರ ತಂದೆ ಸ್ವಂತ ಹೊಲ ಇದ್ದವರಲ್ಲ. ಹೊಲ, ಮನೆ ಎರಡೂ ಒಡೆಯನದು. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ಇವರಿಗೆ. ಹಬ್ಬಕ್ಕೆ ಕೋಳಿ, ಮೊಟ್ಟೆ ಬೇರೆ ಕೊಡಬೇಕು. ಈ ಪದ್ಧತಿಗೆ ಅಲ್ಲಿ 'ಮೆತ್ಸದ್ರಿಯಾ' ಎನ್ನುತ್ತಾರೆ. ಟಸ್ಕನಿಯಲ್ಲಿ ಅದು ನೂರಾರು ವರ್ಷ ನಡೆಯಿತು. ಇಂಥ ಕರಾರನ್ನು ಇನ್ನು ಮುಂದೆ ಹೊಸದಾಗಿ ಮಾಡಿಕೊಳ್ಳಬಾರದೆಂದು ಕಾನೂನು ಬಂದದ್ದು 1964ರಲ್ಲಿ. ಹತ್ತು ವರ್ಷದ ಮೇಲೆ, 1974ರಲ್ಲಿ, ನಮ್ಮ ರಾಜ್ಯದಲ್ಲೂ ಗೇಣಿ ಪದ್ಧತಿ ಹೋಯಿತು. ಭೂಮಿಗಾಗಿ ಡಿಕ್ಲರೇಷನ್ ಹಾಕಿ ಟ್ರಿಬ್ಯೂನಲ್ ಮುಂದೆ ಕಾದು ನಿಂತ ಅಜ್ಜಂದಿರು ಈ ಪುಟದ ಓದುಗರಲ್ಲೂ ಇದ್ದಾರು. ಅವರು ಪಕ್ಕದಲ್ಲಿ ಕುಳಿತ ಮೊಮ್ಮಕ್ಕಳಿಗೆ ಆ ಕಥೆಯನ್ನು ಇಲ್ಲೇ ನಿಲ್ಲಿಸಿ ಹೇಳಲಿ, ನಾನು ಕಾಯುತ್ತೇನೆ.

ನೊನ್ನಾ ಮನೆಯಲ್ಲಿ ಹನ್ನೊಂದು ಜನ. ಜೂನಿನಲ್ಲಿ ಗೋಧಿ ಕೊಯ್ಲು. ಅರ್ಧ ಒಡೆಯನ ಪಾಲಿಗೆ ಹೋಗಿ, ಬಿತ್ತನೆಗೆ ತೆಗೆದಿಟ್ಟು ಉಳಿದದ್ದು ಮುಂದಿನ ಜೂನಿನವರೆಗೆ ಬರಬೇಕು. ಏಪ್ರಿಲ್, ಮೇ ಹೊತ್ತಿಗೆ ಹಿಟ್ಟಿನ ಪೆಟ್ಟಿಗೆಯ ತಳ ಕಾಣುತ್ತಿತ್ತು. ಆಗ ಸೂಪಿನಲ್ಲಿ ಬ್ರೆಡ್ ಕಡಿಮೆ, ಸೊಪ್ಪು ಜಾಸ್ತಿ.

"ನಿಮ್ಮ ಅಮ್ಮ ಬ್ರೆಡ್ಡನ್ನು ಹಾಗೇ ಹಂಚದೆ ಯಾಕೆ ಸೂಪಿಗೆ ಹಾಕುತ್ತಿದ್ದರು?" ಎಂದು ಮೊಮ್ಮಗನ ಬಾಯಲ್ಲಿ ಕೇಳಿಸಿದೆ. ಮೆತ್ತಗಾಗಲಿ ಎಂದು ಎನ್ನುವ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಏನೋ ಹೇಳಿದರು. ಮೊಮ್ಮಗ ಹೀಗೆ ತಿಳಿಸಿದ: "ಹೋಳು ಮಾಡಿ ಕೊಟ್ಟರೆ ಮಕ್ಕಳು ಎಣಿಸುತ್ತಾರಂತೆ. ಅವನಿಗೆ ಎರಡು, ನನಗೆ ಒಂದು ಅಂತ. ಸೂಪಿನಲ್ಲಿ ಕರಗಿದರೆ ಯಾರಿಗೆ ಎಷ್ಟು ಅಂತ ಗೊತ್ತಾಗಲ್ಲವಂತೆ. ಅವರಮ್ಮ ಎಷ್ಟು ತಿಂದರು ಅಂತಾನೂ ಗೊತ್ತಾಗಲ್ಲವಂತೆ."

ಕೊನೆಯ ಮಾತನ್ನು ಆ ಹುಡುಗ ಏನೂ ತಿಳಿಯದೆ ಹೇಳಿ, ಆಟಕ್ಕೆ ಓಡಿದ. ನಾವಿಬ್ಬರು ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಊಟಕ್ಕೆ ಕೂತು ಪಾತ್ರೆಯ ತಳ ಕೆರೆದುಕೊಳ್ಳುವ ತಾಯಂದಿರನ್ನು ನಾನೂ ಕಂಡವಳೇ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗೋಣ. ರೋಮ್ ನಗರದ ಕೊಲೊನ್ನಾ ಅರಮನೆಯಲ್ಲಿ ಒಂದು ಚಿತ್ರವಿದೆ. 1580ರ ದಶಕದಲ್ಲಿ ಅನಿಬಾಲೆ ಕರಾಚಿ ಎಂಬ ಚಿತ್ರಕಾರ ಬರೆದದ್ದು. ಹೆಸರು 'ಕಾಳು ತಿನ್ನುವವನು'. ಆ ಕಾಲದಲ್ಲಿ ಚಿತ್ರಕಾರರು ಹೆಚ್ಚಾಗಿ ರಾಜರು, ದೇವರು, ಸಂತರನ್ನು ಬರೆಯುತ್ತಿದ್ದರು. ಈತ ಬರೆದದ್ದು ಹುಲ್ಲಿನ ಟೋಪಿ ಹಾಕಿಕೊಂಡು ಊಟಕ್ಕೆ ಕುಳಿತ ರೈತನನ್ನು. ಒಂದು ಕೈಯಲ್ಲಿ ಬ್ರೆಡ್ಡನ್ನು ಯಾರೋ ಕಿತ್ತುಕೊಂಡಾರು ಎನ್ನುವಂತೆ ಹಿಡಿದಿದ್ದಾನೆ. ಇನ್ನೊಂದು ಕೈಯ ಚಮಚ ಬಾಯಿಯ ಹತ್ತಿರ ಬಂದು ನಿಂತಿದೆ, ರಸ ತೊಟ್ಟಿಕ್ಕುತ್ತಿದೆ. ಊಟದ ನಡುವೆ ಯಾರೋ ಬಂದರಲ್ಲ ಎಂದು ನಮ್ಮನ್ನೇ ನೋಡುತ್ತಿದ್ದಾನೆ. ಬಟ್ಟಲಿನಲ್ಲಿರುವ ಕಾಳನ್ನು ಸರಿಯಾಗಿ ನೋಡಿದರೆ ಪ್ರತಿ ಕಾಳಿಗೂ ಒಂದು ಕಪ್ಪು ಕಣ್ಣು. ನಮ್ಮ ಅಲಸಂದೆ! ಅಮೆರಿಕದಿಂದ ಬಿಳಿ ರಾಜ್ಮಾ ಬಂದು ಊರೂರಿಗೆ ಹರಡುವ ಮುಂಚೆ ಇಟಲಿಯ ರೈತ ತಿನ್ನುತ್ತಿದ್ದದ್ದು ಅದನ್ನೇ. ರಿಬೊಲ್ಲಿತಾಗೆ ಹಾಕುವ ಟೊಮೆಟೊ, ಆಲೂಗೆಡ್ಡೆ ಕೂಡ 1492ರಲ್ಲಿ ಕೊಲಂಬಸ್ ಸಮುದ್ರ ದಾಟಿದ ನಂತರವೇ ಯುರೋಪಿಗೆ ಬಂದವು. ನಮ್ಮ ಸಾರಿಗೆ ಮೆಣಸಿನಕಾಯಿ ಬಂದದ್ದೂ ಅದೇ ಅಮೆರಿಕದಿಂದ, ಪೋರ್ಚುಗೀಸರ ಹಡಗಿನಲ್ಲಿ. ಹಳೆಯ ಸೂಪಿನಲ್ಲಿ ಬ್ರೆಡ್, ಅಲಸಂದೆ, ಕೋಸು, ಈರುಳ್ಳಿ, ಇಷ್ಟೇ ಇದ್ದಿರಬೇಕು.

ಈಗ ಮಕ್ಕಳಿಗೊಂದು ಪ್ರಯೋಗ. ಹಳೇ ಬ್ರೆಡ್ ಗಟ್ಟಿಯಾಗುವುದು ನೀರು ಆರಿದ್ದರಿಂದ ಮಾತ್ರ ಎಂದುಕೊಂಡಿದ್ದೀರಾ? ಒಂದೇ ಬ್ರೆಡ್ಡಿನ ಎರಡು ಹೋಳು ತೆಗೆದುಕೊಂಡು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ. ಒಂದನ್ನು ಫ್ರಿಜ್ಜಿನಲ್ಲಿಡಿ, ಇನ್ನೊಂದನ್ನು ಹೊರಗಿಡಿ. ಮರುದಿನ ಮುಟ್ಟಿ ನೋಡಿ. ಫ್ರಿಜ್ಜಿನದೇ ಹೆಚ್ಚು ಬಿರುಸಾಗಿರುತ್ತದೆ. ನೀರು ಎಲ್ಲಿಗೂ ಹೋಗಿಲ್ಲ, ಡಬ್ಬಿಯೊಳಗೇ ಇದೆ. ಆಗಿದ್ದೇನೆಂದರೆ, ಹಿಟ್ಟಿನಲ್ಲಿರುವ ಪಿಷ್ಟ ಒಲೆಯ ಬಿಸಿಗೆ ನೀರು ಹೀರಿ ಉಬ್ಬಿ ಮೆತ್ತಗಾಗಿರುತ್ತದೆ. ಆರಿದ ಮೇಲೆ ಅದರ ಎಳೆಗಳು ಮತ್ತೆ ಸಾಲಾಗಿ ಕೂತು ಬಿಗಿದುಕೊಳ್ಳುತ್ತವೆ. ಫ್ರಿಜ್ಜಿನ ತಂಪಿನಲ್ಲಿ ಇದು ಬೇಗ. ಫ್ರಿಜ್ಜಿನ ಅನ್ನ ಬಿರುಸಾಗುವುದೂ ಹೀಗೇ. ಮತ್ತೆ ನೀರು, ಬಿಸಿ ಎರಡೂ ಸೋಕಿದರೆ ಆ ಎಳೆಗಳು ಸಡಿಲವಾಗಿ ಬ್ರೆಡ್ ಮೆತ್ತಗಾಗುತ್ತದೆ. ಶಾಲೆಯ ಮುಖ ಕಾಣದ ರೈತ ಹೆಂಗಸರು ಸೂಪಿನ ಪಾತ್ರೆಯಲ್ಲಿ ಮಾಡುತ್ತಿದ್ದದ್ದು ಈ ಕೆಲಸವನ್ನೇ.

ಇನ್ನು ಅಡಿಗೆಮನೆಗೆ ಬನ್ನಿ. ಐದು ಜನಕ್ಕೆ ಎರಡು ದಿನಕ್ಕಾಗುವ ಅಳತೆ ಹೇಳುತ್ತೇನೆ. ಒಲೆ ಮತ್ತು ಚಾಕುವಿನ ಕೆಲಸ ದೊಡ್ಡವರದು. ಬ್ರೆಡ್ ಮುರಿಯುವುದು, ಸೊಪ್ಪು ಸೋಸುವುದು, ಬೆಳ್ಳುಳ್ಳಿ ಸುಲಿಯುವುದು ಮಕ್ಕಳದು.

ಬಿಳಿ ರಾಜ್ಮಾ ಕಾಳು ಕಾಲು ಕೆಜಿ ಹಿಂದಿನ ರಾತ್ರಿಯೇ ನೆನೆಹಾಕಿ. ಬಿಳಿಯದು ಸಿಗದಿದ್ದರೆ ಅಲಸಂದೆ ಹಾಕಿ, ಕರಾಚಿಯ ರೈತನಿಗೂ ಸಂತೋಷವಾದೀತು. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರಿನಲ್ಲಿ ಪೂರ್ತಿ ಮೆತ್ತಗೆ ಬೇಯಿಸಿ. ಒಂದು ಎಚ್ಚರಿಕೆ: ರಾಜ್ಮಾ ಅರೆಬೆಂದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಾಗಬೇಕು. ಬೆಂದ ನೀರನ್ನು ಚೆಲ್ಲಬೇಡಿ, ಬಸ್ಸಾರು ಮಾಡುವವರಿಗೆ ಅದರ ಬೆಲೆ ಗೊತ್ತು. ಬೆಂದ ಕಾಳಿನಲ್ಲಿ ಅರ್ಧವನ್ನು ಅದೇ ನೀರಿನಲ್ಲಿ ಮಸೆದಿಡಿ. ಸೂಪಿಗೆ ಮೈ ಬರುವುದು ಇದರಿಂದ.

ದಪ್ಪ ತಳದ ಪಾತ್ರೆಯಲ್ಲಿ ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ. ಅಲ್ಲಿ ಆಲಿವ್ ಎಣ್ಣೆ. ಅದು ಮನೆಯಲ್ಲಿದ್ದರೆ ಒಂದು ಚಮಚ ಕೊನೆಗೆ ಮೇಲೆ ಹಾಕಲು ಇಟ್ಟುಕೊಂಡು, ಒಗ್ಗರಣೆಗೆ ಕಡಲೆಕಾಯಿ ಎಣ್ಣೆಯೇ ಆಗಲಿ. ಎರಡು ಈರುಳ್ಳಿ, ಎರಡು ಕ್ಯಾರೆಟ್ ಸಣ್ಣಗೆ ಹೆಚ್ಚಿ ಹಾಕಿ. ಸೆಲರಿ ಸಿಕ್ಕರೆ ಒಂದು ದಂಟು, ಸಿಗದಿದ್ದರೆ ಬಿಡಿ. ಸಣ್ಣ ಉರಿಯಲ್ಲಿ ಕಾಲು ಗಂಟೆ ಬಾಡಲಿ. ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟು ಕುದಿಸಿದರೂ ರುಚಿ ಬಾರದು. ನೊನ್ನಾ ಈ ಹೊತ್ತಿನಲ್ಲಿ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು. ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಟೊಮೆಟೊ ಹಾಕಿ ಇನ್ನೈದು ನಿಮಿಷ. ಅಲ್ಲಿ ಥೈಮ್ ಎಂಬ ಪರಿಮಳದ ಎಲೆ ಹಾಕುತ್ತಾರೆ. ನಾನು ಹಿತ್ತಲಿನ ದೊಡ್ಡಪತ್ರೆಯ ಒಂದೇ ಒಂದು ಎಲೆ ಹಾಕುತ್ತೇನೆ. ಎರಡು ಹಾಕಿದರೆ ಕಷಾಯದ ವಾಸನೆ ಬರುತ್ತದೆ.

ಆಮೇಲೆ ಸೊಪ್ಪು. ಟಸ್ಕನಿಯವರು ಹಾಕುವುದು ಕಪ್ಪು ಹಸಿರಿನ, ಉದ್ದ ಎಲೆಯ ಒಂದು ಕೋಸು. ಅದು ನಮ್ಮೂರ ಸಂತೆಯಲ್ಲಿ ಸಿಗದು. ಅದರ ತಂಗಿ ಮಾತ್ರ ಧಾರಾಳವಾಗಿ ಸಿಗುತ್ತಾಳೆ. ಎಲೆಕೋಸು, ಹೂಕೋಸು, ನವಿಲುಕೋಸು, ಟಸ್ಕನಿಯ ಕಪ್ಪು ಕೋಸು ಎಲ್ಲವೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿಯ ಗಿಡ. ಒಂದರಲ್ಲಿ ಮೊಗ್ಗನ್ನು, ಒಂದರಲ್ಲಿ ಹೂವನ್ನು, ಒಂದರಲ್ಲಿ ದಂಟನ್ನು ರೈತರು ಆರಿಸಿ ಆರಿಸಿ ದಪ್ಪ ಮಾಡಿದರು. ಆದ್ದರಿಂದ ನವಿಲುಕೋಸಿನ ಎಲೆಗಳನ್ನು ತೆಗೆದುಕೊಳ್ಳಿ. ಅಂಗಡಿಯವರು ತಿರುಚಿ ಕೆಳಗೆ ಹಾಕುತ್ತಾರಲ್ಲ, ಅವೇ. ಕೇಳಿದರೆ ಸುಮ್ಮನೆ ಕೊಡುತ್ತಾರೆ. ನಡುವಿನ ನಾರು ತೆಗೆದು ಒಂದು ದೊಡ್ಡ ಕಟ್ಟಿನಷ್ಟು ಎಲೆಯನ್ನು ಅಗಲವಾಗಿ ಹೆಚ್ಚಿ. ಜೊತೆಗೆ ಕಾಲು ಭಾಗ ಎಲೆಕೋಸು, ಎರಡು ಆಲೂಗೆಡ್ಡೆ. ಎಲ್ಲವನ್ನೂ ಪಾತ್ರೆಗೆ ಹಾಕಿ, ಮಸೆದ ಕಾಳು, ಕಾಳಿನ ನೀರು ಸುರಿದು, ಮುಳುಗುವಷ್ಟು ಬಿಸಿನೀರು ಸೇರಿಸಿ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಇಡೀ ಕಾಳುಗಳನ್ನು ಕೊನೆಗೆ ಹಾಕಿ. ಮೆಣಸಿನಪುಡಿ ಇರಲಿ, ಖಾರದ ಪುಡಿ ಬೇಡ. ಹಸಿಮೆಣಸಿನಕಾಯಿ ಬೇಕೇ ಬೇಕು ಎನ್ನುವ ಅಜ್ಜಂದಿರು ಪಕ್ಕದಲ್ಲಿ ಕಚ್ಚಿಕೊಳ್ಳಲಿ.

ಬ್ರೆಡ್ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು ಬೇಕು. ನಮ್ಮ ಬೇಕರಿಯ ಮೆತ್ತನೆ ಸಿಹಿ ಬ್ರೆಡ್ ಹಾಕಿದರೆ ಸೂಪು ಅಂಟಿನಂತಾಗುತ್ತದೆ, ಪಾಯಸದ ರುಚಿಯೂ ಬರುತ್ತದೆ. ಸಿಹಿಯಿಲ್ಲದ ಪಾವ್ ಅಥವಾ ಗೋಧಿ ಬ್ರೆಡ್ ಆಗಬಹುದು. ಪಾವ್ ಎಂಬ ಮಾತು ಬ್ರೆಡ್ಡಿಗೆ ಪೋರ್ಚುಗೀಸರು ಹೇಳುವ ಹೆಸರಿನಿಂದಲೇ ಬಂದದ್ದು. ಕಾಲು ಕೆಜಿಯಷ್ಟನ್ನು ಹೋಳು ಮಾಡಿ, ತೆಳು ಬಟ್ಟೆ ಮುಚ್ಚಿ ಬಿಸಿಲಿಗಿಡಿ. ಸಂಡಿಗೆಯ ಹಾಗೆ ಕಾಗೆಗೊಬ್ಬ ಕಾವಲಿರಲಿ. ಗರಿಯಾಗಿ ಒಣಗಬೇಕು. ಹಳೇ ಬ್ರೆಡ್ ಎಂದು ಬೂಷ್ಟು ಹಿಡಿದದ್ದನ್ನು ಹಾಕುವಂತಿಲ್ಲ. ಬೂಷ್ಟು ಮೇಲೆ ಒಂದು ಚುಕ್ಕೆ ಕಂಡರೂ ಒಳಗೆ ಬೇರು ಬಿಟ್ಟಿರುತ್ತದೆ. ಅದನ್ನು ಗಿಡದ ಗುಂಡಿಗೆ ಹಾಕಿ.

ಈಗ ಅಗಲವಾದ ಪಾತ್ರೆಯಲ್ಲಿ ಒಂದು ಪದರ ಬ್ರೆಡ್, ಅದರ ಮೇಲೆ ಸೌಟಿನಿಂದ ಬಿಸಿ ಸೂಪು, ಮತ್ತೆ ಬ್ರೆಡ್, ಮತ್ತೆ ಸೂಪು ಹೀಗೆ ಹಾಕುತ್ತಾ ಬನ್ನಿ. ಮುಚ್ಚಿ ಅರ್ಧ ಗಂಟೆ ಬಿಡಿ. ಮೊದಲ ದಿನ ಹೀಗೇ ತಿನ್ನಬಹುದು. ಆಗ ಇದಕ್ಕೆ ಬರೀ ಬ್ರೆಡ್ ಸೂಪು ಎಂದು ಹೆಸರು, ರಿಬೊಲ್ಲಿತಾ ಅಲ್ಲ. ಶುಕ್ರವಾರ ಕ್ರೈಸ್ತರು ಮಾಂಸ ಮುಟ್ಟದ ದಿನವಾದ್ದರಿಂದ ದೊಡ್ಡ ಹಂಡೆಯಲ್ಲಿ ಸೂಪು ಮಾಡಿ, ಶನಿವಾರ ಮತ್ತೆ ಕುದಿಸಿ ತಿನ್ನುತ್ತಿದ್ದರು ಎಂದು ಅಲ್ಲಿಯವರು ಹೇಳುತ್ತಾರೆ. ಅಲ್ಲಿ ಚಳಿಗಾಲದ ಅಡಿಗೆಮನೆಯೇ ಫ್ರಿಜ್ ಇದ್ದ ಹಾಗೆ. ನಮ್ಮ ಸೆಖೆಗೆ ಕಾಳಿನ ಅಡಿಗೆ ಬೇಗ ಹಳಸುತ್ತದೆ. ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ.

ಮರುದಿನ ತೆಗೆದಾಗ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿರುತ್ತದೆ. ಸ್ವಲ್ಪ ನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಕೊತಕೊತ ಕುದಿಸಿ. ತಳ ಹತ್ತದಂತೆ ಆಗಾಗ ಕೈಯಾಡಿಸಬೇಕು. ಕಾಳು ಯಾವುದು, ಬ್ರೆಡ್ ಯಾವುದು, ಆಲೂಗೆಡ್ಡೆ ಯಾವುದು ಎಂದು ಬೇರೆ ಮಾಡಲಾಗದಂತೆ ಎಲ್ಲ ಒಂದಾದಾಗ ಇಳಿಸಿ. ನೊನ್ನಾ ಅದರ ಮೇಲೆ ಹಸಿ ಈರುಳ್ಳಿಯ ತೆಳು ಬಿಲ್ಲೆಗಳನ್ನಿಟ್ಟು, ಹಸಿ ಆಲಿವ್ ಎಣ್ಣೆ ಎಳೆಯಾಗಿ ಸುರಿಯುತ್ತಿದ್ದರು. ಚೀಸ್ ಕೇಳಿದ ಮೊಮ್ಮಗನಿಗೆ ಸಿಕ್ಕಿದ್ದು ಒಂದು ಕಣ್ಣೋಟ ಮಾತ್ರ.

ಬಡವರ ಮನೆಯ ಈ ತಿನಿಸು ಪುಸ್ತಕಕ್ಕೂ ಹೋಯಿತು. ಪೆಲೆಗ್ರಿನೊ ಅರ್ತೂಸಿ ಎಂಬವರು ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, 1891ರಲ್ಲಿ, ಫ್ಲಾರೆನ್ಸಿನಿಂದ ಒಂದು ಅಡಿಗೆ ಪುಸ್ತಕ ಹೊರತಂದರು. ಪ್ರಕಾಶಕರು ಸಿಗದೆ ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿದರು. ಇಟಲಿಯ ಮನೆಮನೆಗಳಲ್ಲಿ ಅದು ಇವತ್ತಿಗೂ ಇದೆ. ಟಸ್ಕನಿಯ ರೈತರ ಬ್ರೆಡ್ ಸೂಪನ್ನೂ ಅವರು ಅದರಲ್ಲಿ ಸೇರಿಸಿದ್ದಾರೆ. ಎಪ್ಪತ್ತು ದಾಟಿದ ಮೇಲೆ ಇನ್ನೇನು ಬರೆಯುವುದು ಎನ್ನುವ ಓದುಗ ಮಿತ್ರರು ಗಮನಿಸಬೇಕು. ಈಗಂತೂ ಫ್ಲಾರೆನ್ಸಿನ ದೊಡ್ಡ ಹೋಟೆಲುಗಳಲ್ಲಿ ರಿಬೊಲ್ಲಿತಾ ಪ್ರವಾಸಿಗಳಿಗೆ ಸಿಗುವ ವಿಶೇಷ ತಿಂಡಿ. ಅದರ ಬೆಲೆ ಹೇಳಿದಾಗ ನೊನ್ನಾ ನಗಲಿಲ್ಲ. "ಬ್ರೆಡ್ ಹೊಸದೋ ಹಳೆಯದೋ?" ಎಂದಷ್ಟೇ ಕೇಳಿದರು.

ಮೂರನೆಯ ದಿನಕ್ಕೆ ಉಳಿದರೆ ಇನ್ನೊಂದು ಉಪಾಯವಿದೆ. ಮಕ್ಕಳಿಗೆ ಇದೇ ಹೆಚ್ಚು ಇಷ್ಟ. ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ, ಗಟ್ಟಿಯಾದ ಸೂಪನ್ನು ಅಕ್ಕಿರೊಟ್ಟಿಯ ಹಾಗೆ ತಟ್ಟಿ. ಬೆರಳಿನಷ್ಟು ದಪ್ಪ ಇರಲಿ. ಸಣ್ಣ ಉರಿ, ಮುಚ್ಚಳ ಬೇಡ. ಹತ್ತು ನಿಮಿಷ ಮುಟ್ಟಬೇಡಿ, ಬೇಗ ಮಗುಚಿದರೆ ಮುರಿಯುತ್ತದೆ. ಅಂಚು ಕಂದು ಬಣ್ಣಕ್ಕೆ ತಿರುಗಿ ತಾನಾಗಿ ಕಾವಲಿ ಬಿಟ್ಟಾಗ ತಟ್ಟೆಯ ಮೇಲೆ ಮಗುಚಿ, ಹಸಿ ಬದಿಯನ್ನು ಮತ್ತೆ ಕಾವಲಿಗೆ ಜಾರಿಸಿ. ಇದನ್ನು ಚಮಚದಲ್ಲಿ ತಿನ್ನುವುದಿಲ್ಲ, ಕೈಯಲ್ಲೇ ಮುರಿದುಕೊಳ್ಳಬೇಕು. ಕಾವಲಿಗೆ ಅಂಟಿದ ಸೀಕಲು ಯಾರಿಗೆ ಎಂಬುದನ್ನು ಮಾತ್ರ ಒಲೆ ಹಚ್ಚುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.